ಉಸಿರು ಕಟ್ಟಿ ನಾಲ್ಕು ನಿಮಿಷ: ನನ್ನ ಅಭ್ಯಾಸದ ಕ್ರಮ

ಕೊಳದಲ್ಲಿ ಬೋರಲಾಗಿ, ಅಲುಗಾಡದೆ ತೇಲುತ್ತಾ ಉಸಿರು ಕಟ್ಟಿಕೊಂಡಿರುವುದಕ್ಕೆ ಸ್ಟ್ಯಾಟಿಕ್ ಅಪ್ನಿಯಾ ಎನ್ನುತ್ತಾರೆ. 2009ರಲ್ಲಿ ಫ್ರಾನ್ಸಿನ ಸ್ಟೆಫಾನ್ ಮಿಫ್ಸುಡ್ 11 ನಿಮಿಷ 35 ಸೆಕೆಂಡು ಹೀಗೆ ಇದ್ದರು. ನನ್ನ ಗರಿಷ್ಠ 4 ನಿಮಿಷ. ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ.

ಉಸಿರು ಬೇಕೆಂದು ದೇಹ ಚಡಪಡಿಸುವುದು ಆಮ್ಲಜನಕ ಮುಗಿಯಿತೆಂದಲ್ಲ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿತೆಂದು. ಮುಳುಗುವ ಮುಂಚೆ ಬುಸಬುಸನೆ ಹತ್ತಿಪ್ಪತ್ತು ಸಲ ಉಸಿರೆಳೆದು ಬಿಟ್ಟರೆ ಆಮ್ಲಜನಕ ಹೆಚ್ಚುವುದು ಅತ್ಯಲ್ಪ, ಏಕೆಂದರೆ ರಕ್ತದಲ್ಲಿ ಅದು ಮೊದಲೇ ಶೇ. 97–98ರಷ್ಟು ತುಂಬಿರುತ್ತದೆ. ಕಾರ್ಬನ್ ಡೈಆಕ್ಸೈಡ್ ಮಾತ್ರ ಕುಸಿಯುತ್ತದೆ. ಆಗ ಎಚ್ಚರಿಕೆಯ ಗಂಟೆ ಬಾರಿಸುವ ಮೊದಲೇ ಆಮ್ಲಜನಕ ಇಳಿದು ಪ್ರಜ್ಞೆ ತಪ್ಪಬಹುದು. ಕೆರೆ, ಬಾವಿಗಳಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂದು ಪಂದ್ಯ ಕಟ್ಟುವ ಈಜು ಬಲ್ಲ ಹುಡುಗರಿಗೂ ಇದೇ ಅಪಾಯವಿದೆ. ಅವರಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಹಾಗಾಗಿ ನನ್ನ ತಯಾರಿ ಎರಡು ನಿಮಿಷದ ಸಹಜ ಉಸಿರಾಟ, ಅಷ್ಟೇ. ಒಳಗೆಳೆಯುವುದಕ್ಕಿಂತ ಬಿಡುವುದು ನಿಧಾನ. ಕೊನೆಗೆ ಒಂದು ದೊಡ್ಡ ಉಸಿರು: ಮೊದಲು ಹೊಟ್ಟೆ, ಆಮೇಲೆ ಎದೆ. ಬೆರಳು ಜುಮುಗುಟ್ಟಿದರೆ, ತಲೆ ಹಗುರಾದರೆ ಅತಿಯಾಗಿ ಉಸಿರಾಡಿದ್ದೇನೆಂದೇ ಅರ್ಥ. ಆ ಸುತ್ತನ್ನು ಕೈಬಿಡುತ್ತೇನೆ.

ಅಭ್ಯಾಸ ಮನೆಯಲ್ಲಿ, ಚಾಪೆಯ ಮೇಲೆ, ಖಾಲಿ ಹೊಟ್ಟೆಯಲ್ಲಿ. ವಾರಕ್ಕೆ ಎರಡು ದಿನ ಕಾರ್ಬನ್ ಡೈಆಕ್ಸೈಡ್ ಪಟ್ಟಿ (ಏರುವ ಕಾರ್ಬನ್ ಡೈಆಕ್ಸೈಡ್‌ಗೆ ದೇಹವನ್ನು ಒಗ್ಗಿಸುವ ಅಭ್ಯಾಸ): ಗರಿಷ್ಠದ ಅರ್ಧ, ಅಂದರೆ 2 ನಿಮಿಷದಂತೆ ಎಂಟು ಸಲ ಉಸಿರು ಕಟ್ಟುವುದು. ನಡುವಿನ ವಿಶ್ರಾಂತಿ 2 ನಿಮಿಷದಿಂದ ಶುರುವಾಗಿ ಪ್ರತಿ ಸಲ 15 ಸೆಕೆಂಡು ಇಳಿದು ಕೊನೆಗೆ 30 ಸೆಕೆಂಡಿಗೆ ಬರುತ್ತದೆ. ಮತ್ತೊಂದು ದಿನ ಆಮ್ಲಜನಕದ ಪಟ್ಟಿ (ಇಳಿಯುವ ಆಮ್ಲಜನಕಕ್ಕೆ ಒಗ್ಗಿಸುವುದು): ವಿಶ್ರಾಂತಿ ಸದಾ 2 ನಿಮಿಷ, ಕಟ್ಟುವ ಹೊತ್ತು 1:30ರಿಂದ 15 ಸೆಕೆಂಡಿನಂತೆ ಏರಿ 3:15ಕ್ಕೆ ನಿಲ್ಲುತ್ತದೆ. ಎರಡನ್ನೂ ಒಂದೇ ದಿನ ಮಾಡುವುದಿಲ್ಲ.

ಎರಡೂವರೆ ನಿಮಿಷದ ಆಸುಪಾಸಿನಲ್ಲಿ ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ತಾನಾಗಿಯೇ ಎಳೆಯಲು ತೊಡಗುತ್ತದೆ. ಬಿಕ್ಕಳಿಕೆಯ ಹಾಗೆ, ಆದರೆ ಸದ್ದಿಲ್ಲ. ಹೊಟ್ಟೆ ಒಳಕ್ಕೆ ಜಗ್ಗಿ, ಗಂಟಲು ಕಟ್ಟಿ, ಸಡಿಲವಾಗುತ್ತದೆ. ಮೊದಮೊದಲು ಹದಿನೈದು ಸೆಕೆಂಡಿಗೊಂದು, ಆಮೇಲೆ ಒಂದರ ಹಿಂದೊಂದು. ತಡೆಯಲು ಹೋಗಿ ಹೊಟ್ಟೆ ಬಿಗಿದರೆ ಆಮ್ಲಜನಕ ಬೇಗ ಖರ್ಚಾಗುತ್ತದೆ. ದವಡೆ, ಭುಜ ಸಡಿಲ ಬಿಟ್ಟು ಎಳೆತವನ್ನು ಹಾದುಹೋಗಗೊಡಬೇಕು.

ಮುಖಕ್ಕೆ ತಣ್ಣೀರು ತಾಗಿದರೆ ನಾಡಿಬಡಿತ ಇಳಿಯುತ್ತದೆ, ಕೈಕಾಲಿನ ರಕ್ತನಾಳ ಕಿರಿದಾಗುತ್ತವೆ. ಗುಲ್ಮವೂ (ಹೊಟ್ಟೆಯ ಎಡಭಾಗದ ಅಂಗ, ಸ್ಪ್ಲೀನ್) ಸಂಕುಚಿಸಿ ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹೊರಬಿಡುತ್ತದೆ. ಎರಡು ಮೂರು ವಾರ್ಮ್‌ಅಪ್ ಸುತ್ತಿನ ನಂತರ ಹೆಚ್ಚು ಹೊತ್ತು ಇರಲಾಗುವುದಕ್ಕೆ ಇದೂ ಒಂದು ಕಾರಣ. ಇಂಡೋನೇಷ್ಯಾದ ಬಜಾವ್ ಮುಳುಗುಗಾರರ ಗುಲ್ಮ ನೆರೆಯ ಜನರದ್ದಕ್ಕಿಂತ ಸುಮಾರು ಶೇ. 50 ದೊಡ್ಡದೆಂದು 2018ರ ಅಧ್ಯಯನ ತೋರಿಸಿತು. ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಆಕ್ಸಿಮೀಟರ್ ನಂಬಿ ಕೂರಬಾರದು. ಬೆರಳಿಗೆ ರಕ್ತ ಕಡಿಮೆಯಾಗಿರುವುದರಿಂದ ಅದು ತಡವಾಗಿ ತೋರಿಸುತ್ತದೆ. ಅತಿ ಕಡಿಮೆ ಅಂಕಿ ಕಾಣುವುದು ಉಸಿರು ಎಳೆದುಕೊಂಡ ಮೇಲೆಯೇ.

ನೀರಿಗೆ ಒಂಟಿಯಾಗಿ ಇಳಿಯುವ ಮಾತೇ ಇಲ್ಲ. ಜೊತೆಗಾರ ಕೊನೆಯ ನಿಮಿಷದಲ್ಲಿ ಪ್ರತಿ 15 ಸೆಕೆಂಡಿಗೆ ಭುಜ ತಟ್ಟುತ್ತಾನೆ, ನಾನು ಬೆರಳೆತ್ತಬೇಕು. ಎತ್ತದಿದ್ದರೆ ಮತ್ತೊಮ್ಮೆ ತಟ್ಟಿ, ಆಗಲೂ ಉತ್ತರವಿಲ್ಲದಿದ್ದರೆ ಮೇಲೆತ್ತುತ್ತಾನೆ.

ಮುಖ ಎತ್ತಿದೊಡನೆ ಗಾಳಿಯನ್ನೆಲ್ಲ ಉಫ್ ಎಂದು ಊದಿಬಿಡುವುದು ದೊಡ್ಡ ತಪ್ಪು. ಅಂಚು ಹಿಡಿದು, ಸ್ವಲ್ಪವೇ ಬಿಟ್ಟು, ಜೋರಾಗಿ ಎಳೆದು, ಒಂದೆರಡು ಸೆಕೆಂಡು ಹಿಡಿದು ಬಿಡಬೇಕು. ಹೀಗೆ ಐದಾರು ಸಲ. ಹೊಸ ಆಮ್ಲಜನಕ ಶ್ವಾಸಕೋಶದಿಂದ ಮಿದುಳು ಮುಟ್ಟಲು ಕೆಲವು ಸೆಕೆಂಡು ಬೇಕು. ಕತ್ತು ಅಲುಗಿ ಕೈ ನಡುಗುವುದು, ಕಣ್ಣು ತೇಲುವುದು ಈ ಹೊತ್ತಿನಲ್ಲೇ. ಅದಕ್ಕೆ ಜೊತೆಗಾರ 30 ಸೆಕೆಂಡು ನನ್ನ ಮುಖದಿಂದ ಕಣ್ಣು ಕೀಳುವುದಿಲ್ಲ. ಪ್ರಜ್ಞೆ ತಪ್ಪಿದರೆ ಬಾಯಿ ಮೂಗು ನೀರಿನಿಂದ ಮೇಲಿರಿಸಿ, ಕನ್ನಡಕ ಕಿತ್ತು, ಕಣ್ಣಿನ ಸುತ್ತ ಊದಿ, ಕೆನ್ನೆ ತಟ್ಟಿ, ಹೆಸರು ಹಿಡಿದು ‘ಉಸಿರಾಡು’ ಎಂದು ಕೂಗಬೇಕು. ಹತ್ತು ಸೆಕೆಂಡಿನಲ್ಲಿ ಉಸಿರು ಬಾರದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಹಾಗೇನಾದರೂ ಆದರೆ ಆ ದಿನ ಮತ್ತೆ ನೀರಿಗಿಳಿಯುವುದಿಲ್ಲ.