ತಾಲ್ಲೂಕಿಗೊಂದು ಬಣ್ಣ ಸಾಲದು: ಹಾಸನದ ಮಳೆ ನಕ್ಷೆ ಮಾಡಿದ ಬಗೆ

“ತಾಲ್ಲೂಕಿಗೊಂದು ಬಣ್ಣ ತುಂಬಿ ಕೊಡಿ, ಸಾಕು” ಅಂದವರೇ ಈಗ ಸಮಮಳೆ ರೇಖೆಯ (ಒಂದೇ ಪ್ರಮಾಣದ ಮಳೆ ಬೀಳುವ ಜಾಗಗಳನ್ನು ಜೋಡಿಸುವ ಗೆರೆ) ನಕ್ಷೆಯ ಪ್ರತಿ ಕೇಳುತ್ತಿದ್ದಾರೆ. ಈ ಬರಹ ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ಬಳಸುವವರಿಗೆ. ಯಾವ ಬಟನ್ ಎಲ್ಲಿದೆ ಅಂತ ಹೇಳುವುದಿಲ್ಲ.

ಸಕಲೇಶಪುರ ತಾಲ್ಲೂಕನ್ನೇ ನೋಡಿ. ಘಟ್ಟದಂಚಿನ ಕಾಡುಮನೆ ಕಡೆ ಸುರಿಯುವ ಮಳೆಯ ಅರ್ಧವೂ ಪೂರ್ವದ ಗಡಿಯಲ್ಲಿ ಬೀಳುವುದಿಲ್ಲ. ಸರಾಸರಿ ತೆಗೆದು ಒಂದೇ ನೀಲಿ ಬಳಿದರೆ ಆ ಅಂಕಿ ಯಾರ ತೋಟದ್ದೂ ಅಲ್ಲ. ಬಣ್ಣ ತುಂಬುವ ನಕ್ಷೆಯನ್ನು ಜನಸಾಂದ್ರತೆ, ಹೆಕ್ಟೇರಿಗೆ ಇಳುವರಿ ಥರದ ಭಾಗಿಸಿದ ಅಂಕಿಗಳಿಗೆ ಇಟ್ಟುಕೊಳ್ಳಿ. ಒಟ್ಟು ಬೆಳೆ ಎಷ್ಟು ಟನ್ ಅಂತ ತೋರಿಸಬೇಕಿದ್ದರೆ ವೃತ್ತ. ಅಂಕಿಗೆ ಹೊಂದಬೇಕಾದ್ದು ವೃತ್ತದ ವಿಸ್ತೀರ್ಣ, ವ್ಯಾಸವಲ್ಲ. ನಾಲ್ಕುಪಟ್ಟು ಕಾಫಿಗೆ ನಾಲ್ಕುಪಟ್ಟು ವ್ಯಾಸ ಕೊಟ್ಟರೆ ಕಾಗದದ ಮೇಲೆ ಹದಿನಾರುಪಟ್ಟಾಗುತ್ತದೆ.

ತೋಟದ ಮಳೆ ಪುಸ್ತಕಗಳು ಇಂಚು–ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿರುತ್ತವೆ, ಮಿ.ಮೀ.ಗೆ ತರಲು ಇಂಚನ್ನು 25.4ರಿಂದ ಗುಣಿಸಿ. ವರ್ಷದ ಮೊತ್ತ 80 ಅಂತಿದ್ದರೆ ಇಂಚು, 2,000 ಅಂತಿದ್ದರೆ ಮಿ.ಮೀ. ಒಂದೇ ಪುಸ್ತಕದಲ್ಲಿ ಎರಡೂ ಸಿಗುತ್ತವೆ. ಖಾಲಿ ಬಿಟ್ಟ ದಿನ ಮಳೆಯೇ ಇರಲಿಲ್ಲವೋ, ಲೆಕ್ಕ ಬರೆಯುವ ರೈಟರ್ ರಜೆಯಲ್ಲಿದ್ದರೋ, ಪಕ್ಕದ ತೋಟದ ಪುಸ್ತಕ ನೋಡದೆ ಸೊನ್ನೆ ಹಾಕಬೇಡಿ.

ಹೆಚ್ಚು ಹೊತ್ತು ತಿಂದದ್ದು ರೇಖೆ ಎಳೆಯುವ ಕೆಲಸ. ಮಾಪಕಗಳ ನಡುವಿನ ಮಳೆಯನ್ನು ಅಂದಾಜಿಸಬೇಕು. ಹತ್ತಿರದ ಮಾಪಕಕ್ಕೆ ಹೆಚ್ಚು ತೂಕ ಕೊಡುವ ಐಡಿಡಬ್ಲ್ಯೂ ವಿಧಾನದಲ್ಲಿ ಪ್ರತಿ ಮಾಪಕದ ಸುತ್ತ ಉಂಗುರ ಬೀಳುತ್ತದೆ. ಮಾಪಕಗಳ ಮೂಲಕ ನಯವಾದ ಮೇಲ್ಮೈ ಹಾಯಿಸುವ ಸ್ಪ್ಲೈನ್ ಹಾಕಿದರೆ ಘಟ್ಟದ ಕಡಿದಾದ ಇಳಿತ ಅದನ್ನು ಎಳೆದುಕೊಂಡು ಹೋಗಿ, ಒಣಸೀಮೆಯಲ್ಲಿ ಸೊನ್ನೆಗಿಂತ ಕಡಿಮೆ ಮಳೆ ತೋರಿಸುತ್ತದೆ! ಎತ್ತರವನ್ನು ಲೆಕ್ಕಕ್ಕೆ ಸೇರಿಸಿದರೆ ಅರಸೀಕೆರೆಯ ಒಣಗುಡ್ಡಗಳ ಮೇಲೂ ಮಲೆನಾಡಿನ ಮಳೆ. ದಾರಿಗೆ ಬಂದದ್ದು ಹೀಗೆ: ಮಳೆಯ ಲಾಗರಿದಮ್ ತೆಗೆದು, ಅದರ ಮೇಲೆ ಸ್ಪ್ಲೈನ್ ಓಡಿಸಿ, ಮತ್ತೆ ಮಿ.ಮೀ.ಗೆ ತಿರುಗಿಸುವುದು. ಎತ್ತರದ ಬದಲು ಘಟ್ಟದಂಚಿನಿಂದ ಇರುವ ದೂರ ಸೇರಿಸಿ. ಆ ದೂರವನ್ನು ನಾನು ಅಳೆಯುವ ಬಗೆ ನನ್ನಲ್ಲೇ ಇರಲಿ. ಮೂಡಿಗೆರೆ, ಸೋಮವಾರಪೇಟೆ, ಕಡೂರು ಕಡೆಯ ಮಾಪಕಗಳನ್ನೂ 20–30 ಕಿ.ಮೀ.ವರೆಗೆ ಸೇರಿಸದಿದ್ದರೆ ಜಿಲ್ಲೆಯ ಅಂಚಿನಲ್ಲಿ ರೇಖೆಗಳು ಸೊಟ್ಟಗಾಗುತ್ತವೆ.

ರೇಖೆಗಳ ಅಂತರ ಸಮ ಇಡಬೇಡಿ. 700, 800, 1,000, 1,300, 1,700, 2,200, 3,000, 4,000 ಮಿ.ಮೀ. ಸಾಕು. 500ರ ಸಮ ಅಂತರದಲ್ಲಿ ಪೂರ್ವದ ಅರ್ಧ ಜಿಲ್ಲೆ ಒಂದೇ ಬಣ್ಣಕ್ಕೆ ಬೀಳುತ್ತದೆ.

ಕಾಫಿ ಹೂ ಅರಳಿಸುವ ಹೂಮಳೆಗೂ ಇದೇ ಮಾಡಿ ನೋಡಿದೆ, ಕೂಡಲಿಲ್ಲ. ಮಾರ್ಚಿನ ಗುಡುಗು ಮಳೆ ಈ ತೋಟಕ್ಕೆ ಬಿದ್ದು ಪಕ್ಕದ್ದಕ್ಕೆ ಬೀಳದೆ ಹೋಗುತ್ತದೆ. ಎರಡರ ನಡುವೆ ರೇಖೆ ಎಳೆದರೆ ಇಲ್ಲದ ಮಳೆಯನ್ನು ಸೃಷ್ಟಿಸಿದಂತೆ. ಅದಕ್ಕೆ ಮಾಪಕ ಇರುವಲ್ಲೇ ವೃತ್ತ, ನಡುವೆ ಖಾಲಿ. ಕಾಫಿಯ ರೊಬಸ್ಟಾ–ಅರೇಬಿಕಾ ತಳಿಗಳು ಎಲ್ಲೆಲ್ಲಿ ಎಷ್ಟಿವೆ ಅಂತ ಚುಕ್ಕಿಯಿಟ್ಟು ತೋರಿಸುವ ನಕ್ಷೆಯಲ್ಲಿ ಇನ್ನೊಂದು ತಾಪತ್ರಯ: ತಂತ್ರಾಂಶ ಚುಕ್ಕಿಗಳನ್ನು ಮೀಸಲು ಅರಣ್ಯದಲ್ಲೂ ಹೇಮಾವತಿ ಹಿನ್ನೀರಿನಲ್ಲೂ ಉದುರಿಸುತ್ತದೆ. ಕಾಡು, ಕೆರೆ ಮೊದಲೇ ಕತ್ತರಿಸಿ ತೆಗೆಯಿರಿ.

ನಕ್ಷೆಯಲ್ಲಿ ಗುಡ್ಡ ಉಬ್ಬಿ ಕಾಣಲು ಹಾಕುವ ನೆರಳಿಗೆ ಬೆಳಕು ವಾಯವ್ಯದಿಂದ, 315 ಡಿಗ್ರಿ. ದಕ್ಷಿಣದಿಂದ ಕೊಟ್ಟರೆ ಕಣಿವೆ ಉಬ್ಬಿ ಕಾಣುತ್ತದೆ. 1:2,50,000 ಅಳತೆಗೆ 30 ಮೀಟರ್ ಎಸ್‌ಆರ್‌ಟಿಎಂ (ನೆಲದ ಎತ್ತರದ ದತ್ತಾಂಶ) ತರಿತರಿ; 90ಕ್ಕೆ ಇಳಿಸಿ. ಘಟ್ಟ ಇರುವಲ್ಲೇ ಮಳೆಯೂ ಹೆಚ್ಚು. ಕಡುನೀಲಿ ಹಾಕಿದರೆ ನೆರಳು ಮುಚ್ಚಿಹೋಗುತ್ತದೆ, ಆದ್ದರಿಂದ ಅತಿ ಗಾಢ ಬಣ್ಣವೂ ನಡುನೀಲಿಯಲ್ಲೇ ನಿಲ್ಲಲಿ.

ಕನ್ನಡದ ಹೆಸರುಗಳಿಗೆ ಅಕ್ಷರಗಳ ನಡುವಿನ ಅಂತರ ಹಿಗ್ಗಿಸಬೇಡಿ, ಒತ್ತು ಕಳಚುತ್ತದೆ. ಎರಡು ಸಾಲಿನ ಹೆಸರಿನಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತದೆ. ಸಾಲಿನ ಅಂತರ ಒಂದೂವರೆಯಷ್ಟು ಇರಲಿ. ನದಿಯ ತಿರುವಿಗೆ ಹೆಸರು ಬಾಗಿಸುವ ಉಪಾಯವೊಂದಿದೆ, ಅದು ಕಸುಬಿನ ಗುಟ್ಟು. ಪಿಡಿಎಫ್ ಮಾಡುವಾಗ ಅಕ್ಷರಗಳನ್ನು ಪಾತ್ (ಗೆರೆಯ ಆಕೃತಿ) ಆಗಿ ಕಳಿಸಿ, ಇಲ್ಲದಿದ್ದರೆ ಮುದ್ರಣದ ಅಂಗಡಿಯ ಹಳೆಯ ಕೋರಲ್‌ಡ್ರಾ ತಂತ್ರಾಂಶದಲ್ಲಿ ಹೆಸರೆಲ್ಲ ಚೆಲ್ಲಾಪಿಲ್ಲಿ.

1:2,50,000 ಅಳತೆಗೆ ಜಿಲ್ಲೆ ಎ1 ಹಾಳೆಯಲ್ಲಿ ಹಿಡಿಯುತ್ತದೆ, ಬಣ್ಣಗಳ ಸೂಚಿಗೂ ಜಾಗ ಉಳಿಯುತ್ತದೆ. ಫ್ಲೆಕ್ಸ್ ಅಗ್ಗ. ಆದರೆ ಸಣ್ಣ ಅಕ್ಷರ ಹರಡುತ್ತದೆ, ನೀಲಿ ನೇರಳೆಗೆ ತಿರುಗುತ್ತದೆ. ಮ್ಯಾಟ್ ಕಾಗದವೇ ಇರಲಿ. ಮೊದಲು ಎ4ನಲ್ಲಿ ಒಂದು ತುಂಡು ತೆಗೆಸಿ ಬಣ್ಣ ನೋಡಿ. ಲ್ಯಾಮಿನೇಷನ್‌ಗೂ ಒಂದಿಷ್ಟು ಹಣ ತೆಗೆದಿಡಿ. ಆಷಾಢದಲ್ಲಿ ಸಕಲೇಶಪುರದ ಗೋಡೆಗೆ ಬರಿ ಕಾಗದ ಹಚ್ಚಿದರೆ ಬೂಸ್ಟು ಹಿಡಿಯುತ್ತದೆ.