ಅಮೆರಿಕದ ಕ್ಯಾಂಪಸ್‌ನಲ್ಲಿ ಎಂಜಿನಿಯರಿಂಗ್ ಫ್ರಾಟರ್ನಿಟಿ ಸೇರುವುದು: ದಾವಣಗೆರೆ, ಚಿತ್ರದುರ್ಗದಿಂದ ಹೊರಟವರಿಗೆ

ದಾವಣಗೆರೆಯ ಬಿಐಇಟಿ, ಯುಬಿಡಿಟಿ, ಚಿತ್ರದುರ್ಗದ ಎಸ್‌ಜೆಎಂಐಟಿ ಕಡೆಯ ಹುಡುಗ ಹುಡುಗಿಯರಿಗೆ ಐಎಸ್‌ಟಿಇ, ಐಇಇಇಯಂಥ ಸಂಘಗಳ ಹೆಸರು ಗೊತ್ತು. ಫಾರ್ಮ್ ತುಂಬಿ ಶುಲ್ಕ ಕಟ್ಟಿದರೆ ಅವುಗಳ ಸದಸ್ಯರಾಗಬಹುದು. ಅಮೆರಿಕದ ಎಂಜಿನಿಯರಿಂಗ್ ಫ್ರಾಟರ್ನಿಟಿ, ಅಂದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವೃತ್ತಿಪರ ಸಂಘ, ಹಾಗಲ್ಲ. ಅಲ್ಲಿ ಎರಡು ಮೂರು ವಾರ ನಿಮ್ಮನ್ನು ನೋಡುತ್ತಾರೆ, ಮತ ಹಾಕಿ ಆರಿಸುತ್ತಾರೆ, ಆಮೇಲೂ ಹಲವು ವಾರ ತರಬೇತಿ ಕೊಡುತ್ತಾರೆ. ಅವರು ನಿಮ್ಮನ್ನು ಅಳೆಯುವ ಆ ದಿನಗಳಲ್ಲಿ ನೀವೂ ಅವರನ್ನು ಅಳೆಯಬೇಕು. ಇಲ್ಲಿಂದ ಹೋದವರು ಹೆಚ್ಚಾಗಿ ಮರೆಯುವುದು ಇದನ್ನೇ.

ಈ ಬಗೆಯ ಸಂಘಗಳಲ್ಲಿ ಹಳೆಯದು ಥೀಟಾ ಟೌ. 1904ರ ಅಕ್ಟೋಬರ್ 15ರಂದು ಮಿನೆಸೋಟ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಇದನ್ನು ಕಟ್ಟಿದರು. ಮೊದಲಿಗೆ ಗಂಡಸರದ್ದೇ ಆಗಿದ್ದ ಇಂಥ ಸಂಘಗಳು ಇಂದು ಎಲ್ಲರನ್ನೂ ಸೇರಿಸಿಕೊಳ್ಳುವುದರ ಹಿಂದೆ, ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ಟೈಟಲ್ ನೈನ್ ಕಾನೂನಿದೆ. ಕೇವಲ ಸ್ನೇಹಕೂಟಗಳಾದ ಸೋಷಿಯಲ್ ಫ್ರಾಟರ್ನಿಟಿಗಳಿಗೆ ಆ ಕಾನೂನಿನಿಂದ ವಿನಾಯಿತಿ ಸಿಕ್ಕಿತು, ವೃತ್ತಿಪರ ಸಂಘಗಳಿಗೆ ಸಿಗಲಿಲ್ಲ. ಸಿನಿಮಾಗಳಲ್ಲಿ ಕಾಣುವ ದೊಡ್ಡ ಮನೆ, ಪಾರ್ಟಿಗಳ ಲೋಕ ಸೋಷಿಯಲ್ ಫ್ರಾಟರ್ನಿಟಿಗಳದ್ದು. ವೃತ್ತಿಪರ ಘಟಕಗಳಲ್ಲಿ ಅನೇಕಕ್ಕೆ ವಾಸದ ಮನೆಯೇ ಇರುವುದಿಲ್ಲ, ಕ್ಲಾಸ್‌ರೂಮಿನಲ್ಲೇ ಸಭೆ ನಡೆಯುತ್ತದೆ. ಮಗಳು ಫ್ರಾಟರ್ನಿಟಿ ಸೇರುತ್ತಾಳೆಂದು ಕೇಳಿ ಗಾಬರಿಯಾಗುವ ಅಪ್ಪ ಅಮ್ಮನಿಗೆ ಮೊದಲು ಇದನ್ನೇ ಬಿಡಿಸಿ ಹೇಳಿ.

ಟೌ ಬೀಟಾ ಪೈ ಎಂಬ ಹೆಸರೂ ಕಿವಿಗೆ ಬೀಳುತ್ತದೆ. ಅದು 1885ರಲ್ಲಿ ಹುಟ್ಟಿದ ಗೌರವ ಸಂಘ. ಅಂಕಗಳಲ್ಲಿ ಮುಂದಿರುವವರಿಗೆ ಅದೇ ಆಹ್ವಾನ ಕಳಿಸುತ್ತದೆ, ಅಲ್ಲಿ ರಶ್, ಅಂದರೆ ಸೇರಬಯಸುವವರನ್ನು ನೋಡಿ ಆರಿಸುವ ಆ ಎರಡು ಮೂರು ವಾರ, ಇರುವುದಿಲ್ಲ.

ಎಂಎಸ್‌ಗೆ ಹೊರಟವರು ಒಂದು ಮಾತು ಗಮನಿಸಿ. ಈ ಫ್ರಾಟರ್ನಿಟಿಗಳು ಮುಖ್ಯವಾಗಿ ಬಿಎಸ್, ಅಂದರೆ ಮೊದಲ ಪದವಿ, ಓದುವವರಿಗಾಗಿ ಇವೆ. ಪಿಯುಸಿ ಮುಗಿಸಿ ನೇರವಾಗಿ ಹೋದವರಿಗೆ, ಇಲ್ಲಿ ಒಂದೆರಡು ವರ್ಷ ಓದಿ ಅಲ್ಲಿಗೆ ವರ್ಗವಾದವರಿಗೆ ದಾರಿ ಸಲೀಸು. ಎಂಎಸ್‌ನವರು ಘಟಕದ ರಶ್ ಚೇರ್‌ಗೆ, ಅಂದರೆ ಆಯ್ಕೆಯ ಹೊಣೆ ಹೊತ್ತ ಸದಸ್ಯರಿಗೆ, ಮೊದಲೇ ಮೇಲ್ ಬರೆದು ಕೇಳಿ. ಇಲ್ಲ ಎಂದರೆ ಐಇಇಇ, ಎಎಸ್‌ಎಂಇ, ಸೊಸೈಟಿ ಆಫ್ ವುಮೆನ್ ಎಂಜಿನಿಯರ್ಸ್ ಘಟಕಗಳು ಎಲ್ಲರಿಗೂ ತೆರೆದಿರುತ್ತವೆ.

ಊರಲ್ಲಿರುವಾಗಲೇ ಮುಗಿಸಬೇಕಾದದ್ದು

ರೆಸ್ಯೂಮೆ ಒಂದೇ ಪುಟ ಇರಲಿ. ನಮ್ಮ ಕಡೆಯ ಬಯೋಡೇಟಾದಲ್ಲಿ ಬರೆಯುವ ತಂದೆಯ ಹೆಸರು, ಹುಟ್ಟಿದ ದಿನ, ಫೋಟೊ, ಕೊನೆಯ ಡಿಕ್ಲರೇಷನ್, ಎಲ್ಲವನ್ನೂ ತೆಗೆಯಿರಿ. ಸಿಜಿಪಿಎ ಇದ್ದರೆ 8.1/10 ಎಂದು ಇದ್ದ ಹಾಗೇ ಬರೆಯಿರಿ. ನೀವೇ ಲೆಕ್ಕ ಹಾಕಿ ನಾಲ್ಕರ ಅಳತೆಗೆ ಇಳಿಸಬೇಡಿ.

ಇದಕ್ಕಿಂತ ಮುಖ್ಯವಾದದ್ದು ಒಂದು ನಿಮಿಷದ ಮಾತು. 'ನೀನೇಕೆ ಎಂಜಿನಿಯರಿಂಗ್ ಆರಿಸಿಕೊಂಡೆ?' ಎಂದು ಎಲ್ಲರೂ ಕೇಳುತ್ತಾರೆ. ಚಿಕ್ಕಂದಿನಿಂದ ಆಸಕ್ತಿ ಎಂದರೆ ಯಾರೂ ನೆನಪಿಡುವುದಿಲ್ಲ. ನಿಮ್ಮ ಕೈ ತಾಕಿದ ಒಂದು ಕೆಲಸ ಹೇಳಿ. ಜಗಳೂರು, ಚಳ್ಳಕೆರೆ ಕಡೆಯವರಿಗೆ ಬೋರ್‌ವೆಲ್ ಮೋಟರೇ ಸಾಕು: ತೋಟಕ್ಕೆ ತ್ರೀ ಫೇಸ್ ಕರೆಂಟ್ ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿ, ಅದಕ್ಕೆ ರೈತರು ಆಟೋ ಸ್ಟಾರ್ಟರ್ ಹಾಕಿಸುತ್ತಾರೆ, ನೀರು ಬತ್ತಿದಾಗಲೂ ಮೋಟರ್ ಓಡುತ್ತಲೇ ಇದ್ದರೆ ಕಾಯಿಲ್ ಸುಡುತ್ತದೆ, ಅದನ್ನು ತಡೆಯಲು ಕರೆಂಟ್ ಅಳೆದು ಮೋಟರ್ ನಿಲ್ಲಿಸುವ ಸರ್ಕ್ಯೂಟ್ ಮಾಡಿದೆ. ನಿಜವಾಗಿ ಮಾಡಿದ್ದರೆ ಮಾತ್ರ ಹೀಗೆ ಹೇಳಿ. ಯಾವ ಭಾಗ ಮೊದಲು ಕೆಟ್ಟಿತು, ಯಾಕೆ ಕೆಟ್ಟಿತು ಎಂಬುದೂ ಮಾತಿನಲ್ಲಿ ಬರಲಿ, ಮುಂದಿನ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಸಿವಿಲ್‌ನವರು ವಾಣಿವಿಲಾಸ ಸಾಗರದ ಮಾತು ಎತ್ತಬಹುದು. ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿಸಿದ ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಳೆ ಕಡಿಮೆ ಇರುವ ಸೀಮೆಯಲ್ಲಿ ಜಲಾಶಯದ ಗಾತ್ರವನ್ನು ಹೇಗೆ ನಿರ್ಧರಿಸಬೇಕು ಎಂಬ ಪ್ರಶ್ನೆ ಅಲ್ಲಿಂದ ತಾನಾಗಿ ಬರುತ್ತದೆ. ನಮ್ಮ ಬಯಲುಸೀಮೆಯ ಇಂಥ ಸಂಗತಿಗಳಿಗೆ ಅಲ್ಲಿ ನಿಜವಾದ ಬೆಲೆಯಿದೆ. ಬೋರ್‌ವೆಲ್ ಅಂದರೇನು ಎಂಬಲ್ಲಿಂದಲೇ ವಿವರಿಸಲು ಸಿದ್ಧರಾಗಿರಿ, ಅಷ್ಟೆ.

ರಶ್

ರಶ್ ಸೆಮಿಸ್ಟರ್ ಶುರುವಾದ ಮೊದಲ ವಾರಗಳಲ್ಲೇ ನಡೆದುಹೋಗುತ್ತದೆ. ಫಾಲ್‌ನಲ್ಲಿ ಆಗಸ್ಟ್ ಕೊನೆ, ಸೆಪ್ಟೆಂಬರ್. ಸ್ಪ್ರಿಂಗ್‌ನಲ್ಲಿ ಜನವರಿ, ಫೆಬ್ರವರಿ. ರೂಮು, ಬ್ಯಾಂಕ್, ಸಿಮ್ ಎಂದು ಓಡಾಡುವ ದಿನಗಳೂ ಅವೇ. ಆದ್ದರಿಂದ ವಿಮಾನ ಹತ್ತುವ ಮೊದಲೇ ಘಟಕದ ಇನ್‌ಸ್ಟಾಗ್ರಾಂ ಪುಟ ಹುಡುಕಿ, ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ.

ಸಾಮಾನ್ಯವಾಗಿ ಮೊದಲು ಮಾಹಿತಿ ಸಭೆ, ಆಮೇಲೆ ಆಟದ ಸಂಜೆ, ರೆಸ್ಯೂಮೆ ಕಾರ್ಯಾಗಾರ, ಒಂದು ಸೇವಾ ಕಾರ್ಯಕ್ರಮ, ಕೊನೆಗೆ ಆಹ್ವಾನ ಬಂದವರಿಗೆ ಮಾತ್ರ ಸಂದರ್ಶನ. ಹಾಜರಿ ಬರೆದುಕೊಳ್ಳುತ್ತಾರೆ. ಲ್ಯಾಬ್ ಅಡ್ಡ ಬಂದರೆ ಸುಮ್ಮನೆ ತಪ್ಪಿಸಬೇಡಿ, ಮೊದಲೇ ಮೆಸೇಜ್ ಹಾಕಿ. ಆಸಕ್ತಿಯಿಲ್ಲ ಎಂದು ಅವರು ತಿಳಿಯುವುದು ಗೈರುಹಾಜರಿಯಿಂದ.

ಹೆಚ್ಚು ಜನ ಎಡವುವುದು ಇಲ್ಲೇ. ನಮ್ಮವರು ನಾಲ್ಕು ಜನ ಸೇರಿ ಹೋಗುತ್ತಾರೆ, ಒಂದು ಮೂಲೆಯಲ್ಲಿ ನಿಂತು ತಮ್ಮತಮ್ಮಲ್ಲೇ ಮಾತಾಡಿ ಬರುತ್ತಾರೆ. ಮತ ಹಾಕುವ ದಿನ ನಿಮ್ಮ ಹೆಸರು ಓದಿದಾಗ 'ಇವರ ಜೊತೆ ಮಾತಾಡಿದ್ದೇನೆ' ಎನ್ನುವವರು ಬೇಕು. ಒಂದು ಸಂಜೆಗೆ ನಾಲ್ಕೈದು ಸದಸ್ಯರ ಜೊತೆ ಹತ್ತು ನಿಮಿಷದ ಮಾತು ಸಾಕು. ಎಲ್ಲರ ಕೈ ಕುಲುಕುತ್ತ ಓಡಾಡುವುದರಿಂದ ಏನೂ ಆಗುವುದಿಲ್ಲ. ಸೀನಿಯರ್‌ಗಳನ್ನು ಸರ್, ಮೇಡಂ ಎನ್ನಬೇಡಿ, ಹೆಸರು ಹಿಡಿದು ಕರೆಯಿರಿ. ನಿಮ್ಮ ಹೆಸರನ್ನು ನಿಧಾನವಾಗಿ ಹೇಳಿಕೊಡಿ, ಮೊಟಕುಗೊಳಿಸುವ ಅಗತ್ಯವಿಲ್ಲ. ಊಟ ತರುವ ಕಾರ್ಯಕ್ರಮವಾದರೆ ಖಾರ ಮಂಡಕ್ಕಿ ಒಯ್ಯಿರಿ. ಮಂಡಕ್ಕಿ ಇಂಡಿಯನ್ ಸ್ಟೋರ್‌ನಲ್ಲಿ ಸಿಗುತ್ತದೆ, ಒಲೆ ಬೇಕಿರುವುದು ಒಗ್ಗರಣೆಗೆ ಮಾತ್ರ. ಶೇಂಗಾ ಹಾಕಿದ್ದರೆ ಮೊದಲೇ ಹೇಳಿ, ಅಲ್ಲಿ ಆ ಅಲರ್ಜಿಯನ್ನು ತುಂಬಾ ಗಂಭೀರವಾಗಿ ನೋಡುತ್ತಾರೆ. 21 ತುಂಬದವರು ಮದ್ಯ ಮುಟ್ಟುವುದು ಅಲ್ಲಿ ಕಾನೂನಿಗೆ ವಿರುದ್ಧ.

ಸಂದರ್ಶನದಲ್ಲಿ ತಾಂತ್ರಿಕ ಪ್ರಶ್ನೆ ಕಡಿಮೆ. ಗುಂಪಿನಲ್ಲಿ ಜಗಳ ಬಂದಾಗ ಏನು ಮಾಡಿದಿರಿ, ವಾರಕ್ಕೆ ಎಷ್ಟು ಸಮಯ ಕೊಡಬಲ್ಲಿರಿ, ಇದೇ ಸಂಘ ಏಕೆ, ಇಂಥವೇ ಕೇಳುತ್ತಾರೆ. ರ‍್ಯಾಂಕ್, ಪರ್ಸೆಂಟೇಜ್ ಪಟ್ಟಿ ಓದಬೇಡಿ. ಎರಡು ಎಂಜಿನಿಯರಿಂಗ್ ಫ್ರಾಟರ್ನಿಟಿಗಳಲ್ಲಿ ಏಕಕಾಲಕ್ಕೆ ಸದಸ್ಯರಾಗಲು ಸಾಮಾನ್ಯವಾಗಿ ಬಿಡುವುದಿಲ್ಲ. ಎರಡು ಕಡೆ ರಶ್‌ಗೆ ಹೋಗಿದ್ದರೆ, ಕೇಳಿದಾಗ ಮುಚ್ಚಿಡಬೇಡಿ.

ಬಿಡ್ ಕೈಗೆ ಬಂದಾಗ

ಆಯ್ಕೆಯಾದವರಿಗೆ ಕೊಡುವ ಆಹ್ವಾನವೇ ಬಿಡ್. ಒಪ್ಪಲು ಒಂದೆರಡು ದಿನ ಕೊಡುತ್ತಾರೆ. ಸಂತೋಷದಲ್ಲಿ ಅಲ್ಲೇ ಸಹಿ ಹಾಕದೆ ಮೂರು ಲೆಕ್ಕ ನೋಡಿ.

ಮೊದಲನೆಯದು ಹಣ. ಪ್ಲೆಡ್ಜ್ (ಬಿಡ್ ಒಪ್ಪಿ ತರಬೇತಿಯಲ್ಲಿರುವ ಹೊಸಬರು) ಕಟ್ಟುವ ಶುಲ್ಕ, ರಾಷ್ಟ್ರೀಯ ಕಚೇರಿಗೆ ಹೋಗುವ ದೀಕ್ಷಾ ಶುಲ್ಕ, ಪ್ರತಿ ಸೆಮಿಸ್ಟರ್‌ನ ಡ್ಯೂಸ್, ಟೀ ಶರ್ಟ್, ಔತಣಕೂಟ: ಇಷ್ಟನ್ನೂ ಬಿಡಿಬಿಡಿಯಾಗಿ ಬರೆದು ಕೊಡಲು ಖಜಾಂಚಿಯನ್ನು ಕೇಳಿ. ಕಂತಿನಲ್ಲಿ ಕಟ್ಟಲು ಬಹಳ ಕಡೆ ಅವಕಾಶವಿರುತ್ತದೆ, ಕೇಳಿದವರಿಗೆ ಸಿಗುತ್ತದೆ. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ.

ಎರಡನೆಯದು ಸಮಯ. 15 ಕ್ರೆಡಿಟ್ ಎಂದರೆ ವಾರಕ್ಕೆ 15 ಗಂಟೆ ಕ್ಲಾಸ್, ಅದರ ಎರಡರಷ್ಟು ಓದು, ಒಟ್ಟು 45 ಗಂಟೆ. ಕ್ಯಾಂಪಸ್ ಕೆಲಸವಿದ್ದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ವಾರಕ್ಕೆ ಗರಿಷ್ಠ 20 ಗಂಟೆ. ಎರಡನ್ನೂ ಕೂಡಿದರೆ 65. ಇದರ ಮೇಲೆ ಪ್ಲೆಡ್ಜ್ ಅವಧಿಯ ವಾರದ ಸಭೆ, ಪ್ರತಿ ಸದಸ್ಯರನ್ನೂ ಭೇಟಿಯಾಗುವ ಕೆಲಸ, ಸಂಘದ ಇತಿಹಾಸದ ಪರೀಕ್ಷೆ, ಹೊಸಬರೆಲ್ಲ ಸೇರಿ ಮಾಡುವ ಪ್ರಾಜೆಕ್ಟ್. ಕಠಿಣ ಲ್ಯಾಬ್‌ಗಳಿರುವ ಸೆಮಿಸ್ಟರ್‌ನಲ್ಲಿ ಪ್ಲೆಡ್ಜ್ ಆಗುವುದು ಬೇಡ. ಸಂಘದ ಸದಸ್ಯತ್ವ ಉದ್ಯೋಗವಲ್ಲ, ಅದರಿಂದ ವೀಸಾಕ್ಕೆ ತೊಂದರೆಯಿಲ್ಲ. ತೊಂದರೆ ಬರುವುದು ಹೊರೆ ತಾಳದೆ ಒಂದು ಕೋರ್ಸ್ ಬಿಟ್ಟಾಗ. ಬಿಎಸ್ ವಿದ್ಯಾರ್ಥಿ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಒಪ್ಪಿಗೆಯಿಲ್ಲದೆ 12 ಕ್ರೆಡಿಟ್‌ಗಿಂತ ಕೆಳಗಿಳಿದರೆ ಎಫ್-1 ಸ್ಥಿತಿಯೇ ಮುರಿಯುತ್ತದೆ. ಕೋರ್ಸ್ ಬಿಡುವ ಮೊದಲು ಆ ಕಚೇರಿಗೆ ಹೋಗಿ, ಬಿಟ್ಟ ಮೇಲೆ ಅಲ್ಲ.

ಮೂರನೆಯದು ಹೇಜಿಂಗ್. ನಮ್ಮಲ್ಲಿ ರ‍್ಯಾಗಿಂಗ್ ಎನ್ನುವುದು ಅಲ್ಲಿ ಹೊಸ ಸದಸ್ಯರ ಮೇಲೆ ಸಂಪ್ರದಾಯದ ಹೆಸರಿನಲ್ಲಿ ನಡೆಯುತ್ತದೆ: ಬಲವಂತದ ಕುಡಿತ, ನಿದ್ದೆಗೆಡಿಸುವುದು, ಚಾಕರಿ, ಅವಮಾನ. ರಾಷ್ಟ್ರೀಯ ಸಂಘಗಳೆಲ್ಲ ಇದನ್ನು ನಿಷೇಧಿಸಿವೆ, ಆದರೂ ಕೆಲವು ಘಟಕಗಳಲ್ಲಿ ನಡೆದದ್ದುಂಟು. 2024ರ ಡಿಸೆಂಬರ್‌ನಲ್ಲಿ ಬಂದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಕಾಯ್ದೆಯ ಪ್ರಕಾರ, ತಪ್ಪಿತಸ್ಥ ಸಂಘಗಳ ವರದಿಯನ್ನು ವಿಶ್ವವಿದ್ಯಾಲಯಗಳು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಲೇಬೇಕು. ಸಹಿ ಹಾಕುವ ಮೊದಲು ಆ ವರದಿ ತೆರೆದು ನಿಮ್ಮ ಘಟಕದ ಹೆಸರು ಹುಡುಕಿ. ದೀಕ್ಷಾ ವಿಧಿ ಗುಟ್ಟಾಗಿರುವುದು ಸಹಜ. ಆದರೆ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಫೋನ್ ಕೈಯಲ್ಲಿರುತ್ತದೆಯೇ, ಬೇಡವೆಂದರೆ ಎದ್ದು ಹೋಗಬಹುದೇ ಎಂದು ಕೇಳಿದರೆ ನೇರ ಉತ್ತರ ಬರಬೇಕು. ಬರದಿದ್ದರೆ ಸೇರಬೇಡಿ. ಸೇರಿದ ಮೇಲೆ ಏನಾದರೂ ನಡೆದರೆ ಡೀನ್ ಆಫ್ ಸ್ಟೂಡೆಂಟ್ಸ್ ಕಚೇರಿಗೆ ದೂರು ಕೊಡಿ, ಜೀವಕ್ಕೆ ಅಪಾಯವಿದ್ದರೆ 911ಕ್ಕೆ ಕರೆ ಮಾಡಿ. ಹೇಜಿಂಗ್‌ನಲ್ಲಿ ಪಾಲುಗೊಂಡು ಕಾಲೇಜಿನಿಂದ ಅಮಾನತಾದರೆ ವೀಸಾ ಸ್ಥಿತಿಯೂ ಹೋಗುತ್ತದೆ ಎಂಬುದು ಸೀನಿಯರ್ ಆದ ಮೇಲೂ ನೆನಪಿರಲಿ.

ಬಿಡ್ ಬರಲಿಲ್ಲವೆಂದರೆ ಕಾರಣ ಹೇಳುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಎಷ್ಟೋ ಸಲ ಜಾಗ ಕಡಿಮೆ ಇರುತ್ತದೆ, ಇಲ್ಲವೇ ಸಾಕಷ್ಟು ಸದಸ್ಯರಿಗೆ ನೀವು ಪರಿಚಯವಾಗಿರುವುದಿಲ್ಲ. ಮುಂದಿನ ಸೆಮಿಸ್ಟರ್ ಮತ್ತೆ ರಶ್‌ಗೆ ಹೋಗಬಹುದು. ಅಷ್ಟರೊಳಗೆ ಸ್ಪರ್ಧೆಗೆ ವಾಹನ ಕಟ್ಟುವ ಫಾರ್ಮುಲಾ ಎಸ್‌ಎಇ, ಬಾಹಾ, ಇಲ್ಲವೇ ಕಾಂಕ್ರೀಟ್ ದೋಣಿ, ಸ್ಟೀಲ್ ಬ್ರಿಡ್ಜ್ ತಂಡಗಳಲ್ಲೊಂದನ್ನು ಸೇರಿ. ಫ್ರಾಟರ್ನಿಟಿಯ ಸದಸ್ಯರು ಆ ವರ್ಕ್‌ಶಾಪ್‌ಗಳಲ್ಲೂ ಸಿಗುತ್ತಾರೆ, ಅಲ್ಲಿ ನಿಮ್ಮ ಕೆಲಸವನ್ನು ಕಣ್ಣಾರೆ ನೋಡುತ್ತಾರೆ.