ದಿವಾಳಿಯಾದ ಗ್ರಾಹಕ ಕೊಟ್ಟಿದ್ದ ಹಣವನ್ನು ವಾಪಸ್ ಕೇಳಿದಾಗ

ಮಾಲು ಕಳಿಸಿ, ಹಣ ಬಂದು, ಖಾತೆ ಚುಕ್ತಾ ಆಗಿ ಎಷ್ಟೋ ತಿಂಗಳ ಮೇಲೆ ರೆಸಲ್ಯೂಷನ್ ಪ್ರೊಫೆಷನಲ್ (ದಿವಾಳಿ ಪ್ರಕ್ರಿಯೆ ನಡೆಸಲು ನೇಮಕವಾದ ವೃತ್ತಿಪರ) ಕಡೆಯಿಂದ ಪತ್ರ ಬರುತ್ತದೆ: ಗ್ರಾಹಕ ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿದೆ, ನಿಮಗೆ ಸಂದದ್ದು 'ಪ್ರಿಫರೆನ್ಸ್' (ಉಳಿದ ಸಾಲಗಾರರನ್ನು ಬಿಟ್ಟು ನಿಮ್ಮ ಹಳೆಯ ಬಾಕಿಯನ್ನು ಮಾತ್ರ ತೀರಿಸಿದ ಪಾವತಿ), ಹಿಂದಿರುಗಿಸಿ. ಸಪ್ಲೈಯರ್‌ಗಳ ಪರವಾಗಿ ಇಂಥ ಪತ್ರಗಳಿಗೆ ಉತ್ತರ ಸಿದ್ಧಪಡಿಸುವುದು ನನ್ನ ಕೆಲಸ. ಹೆದರಿ ತಕ್ಷಣ ಹಣ ಕಟ್ಟಬೇಡಿ, ಏಕೆಂದರೆ ಪತ್ರ ಆದೇಶವಲ್ಲ. 2016ರ ದಿವಾಳಿ ಸಂಹಿತೆಯ 43ನೇ ಸೆಕ್ಷನ್ ಪ್ರಕಾರ ಅವರು ಅರ್ಜಿ ಹಾಕಬಹುದು. ವಾಪಸಾತಿಗೆ ಆದೇಶಿಸಬೇಕಾದದ್ದು ಎನ್‌ಸಿಎಲ್‌ಟಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ). ಆದರೆ ಪತ್ರಕ್ಕೆ ಉತ್ತರವನ್ನಂತೂ ಕೊಡಲೇಬೇಕು. ಅರ್ಜಿ ಸಲ್ಲಿಕೆಯಾಗುವ ಮೊದಲೇ ದಾಖಲೆ ತೋರಿಸಿದರೆ ಕೆಲವು ಪಾವತಿಗಳು ಪಟ್ಟಿಯಿಂದ ಬಿಟ್ಟುಹೋಗುತ್ತವೆ.

ಮೊದಲು ನೋಡುವುದು ದಿನಾಂಕ. ಮೂಲ ಸಂಹಿತೆಯಲ್ಲಿ ಪ್ರಶ್ನಿಸಬಹುದಾದ ಅವಧಿ ದಿವಾಳಿ ಪ್ರಕ್ರಿಯೆ ಆರಂಭವಾದ ದಿನದಿಂದ ಹಿಂದಕ್ಕೆ 1 ವರ್ಷ, ಹಣ ಪಡೆದವರು ಸಂಬಂಧಿತ ಪಕ್ಷವಾದರೆ (ನಿರ್ದೇಶಕರು, ಸಮೂಹ ಕಂಪನಿ ಮುಂತಾದವರು) 2 ವರ್ಷ. ಎಣಿಕೆಯ ಆರಂಭ ದಿನದ ಬಗ್ಗೆ ತಿದ್ದುಪಡಿ ಅನ್ವಯಿಸುತ್ತದೆಯೇ ಎಂದು ವಕೀಲರಿಂದ ಖಚಿತಪಡಿಸಿಕೊಳ್ಳಿ. ಪತ್ರದ ಪಟ್ಟಿಯ ಪ್ರತಿ ಸಾಲನ್ನೂ ಬ್ಯಾಂಕ್ ಸ್ಟೇಟ್‌ಮೆಂಟಿನ ಯುಟಿಆರ್ ನಂಬರಿನೊಂದಿಗೆ (ಪ್ರತಿ ಹಣ ವರ್ಗಾವಣೆಯ ಗುರುತಿನ ಸಂಖ್ಯೆ) ತಾಳೆ ನೋಡುತ್ತೇನೆ. ಹಣ ಬಂದದ್ದು ಗ್ರಾಹಕನ ಖಾತೆಯಿಂದಲೋ, ಅವನ ಸೋದರ ಕಂಪನಿಯ ಖಾತೆಯಿಂದಲೋ? ಎರಡನೆಯದಾದರೆ ಅದು ದಿವಾಳಿ ಕಂಪನಿಯ ಆಸ್ತಿಯೇ ಅಲ್ಲ ಎಂಬ ವಾದ ಸಿಗುತ್ತದೆ. ಮಾಲಿಗೆ ಮುನ್ನ ಬಂದ ಅಡ್ವಾನ್ಸನ್ನೂ ಬೇರ್ಪಡಿಸುತ್ತೇನೆ. ಹಳೆಯ ಬಾಕಿಯೇ ಇಲ್ಲದಿದ್ದಾಗ ಪ್ರಿಫರೆನ್ಸ್ ಎಲ್ಲಿಂದ ಬರಬೇಕು?

ಇನ್ನುಳಿದ ಪಾವತಿಗಳಿಗೆ ಎಕ್ಸೆಲ್ ಹಾಳೆ ತೆರೆಯುತ್ತೇನೆ. ಇನ್‌ವಾಯ್ಸ್ ದಿನಾಂಕ, ಡ್ಯೂ ದಿನಾಂಕ, ಹಣ ಜಮೆಯಾದ ದಿನ, ನಡುವಿನ ಅಂತರ. ಆ ಒಂದು ವರ್ಷದ್ದು ಮಾತ್ರವಲ್ಲ, ಅದಕ್ಕಿಂತ ಹಿಂದಿನ ಎರಡು ವರ್ಷಗಳದ್ದೂ ಬೇಕು. ಕರಾರಿನಲ್ಲಿ 30 ದಿನ ಎಂದಿದ್ದರೂ ಗ್ರಾಹಕ ಮೊದಲಿನಿಂದಲೂ 45-50ನೇ ದಿನಕ್ಕೆ ಕೊಡುತ್ತಿದ್ದು, ಕೊನೆಯ ವರ್ಷವೂ 48ಕ್ಕೆ ಕೊಟ್ಟಿದ್ದರೆ ಅದು ನಿತ್ಯದ ವ್ಯವಹಾರ; ಅಂಥ ಮಾಮೂಲಿ ಪಾವತಿಗೆ 43ನೇ ಸೆಕ್ಷನ್‌ನಲ್ಲೇ ವಿನಾಯಿತಿ ಇದೆ. ತಡವಾಗಿ ಕೊಡುವುದೇ ವಾಡಿಕೆಯಾಗಿದ್ದರೆ ಆ ತಡವೇ ನಿಮ್ಮ ಪರ ಸಾಕ್ಷಿ. ಅಪಾಯ ಇರುವುದು 110 ದಿನ ಬಾಕಿಯಿದ್ದ ಹತ್ತಾರು ಬಿಲ್ಲುಗಳಿಗೆ ಒಟ್ಟಾಗಿ ಬಂದ ರೌಂಡ್ ಮೊತ್ತದ ಆರ್‌ಟಿಜಿಎಸ್‌ನಲ್ಲಿ. ಅದರ ಹಿಂದಿನ ವಾರ 'ಹಳೆಯ ಬಾಕಿ ತೀರಿಸದಿದ್ದರೆ ಮಾಲು ನಿಲ್ಲಿಸುತ್ತೇವೆ' ಎಂಬ ಇಮೇಲ್ ಹೋಗಿದ್ದರಂತೂ ಕಷ್ಟ. ಅಂಥ ಪಾವತಿಯನ್ನು ಉಳಿದವುಗಳ ಜೊತೆ ಸೇರಿಸಿ ಸಮರ್ಥಿಸುವುದಿಲ್ಲ. ಸೇರಿಸಿದರೆ ಗಟ್ಟಿಯಾದ ಪಾವತಿಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

'ನನ್ನ ಕಡೆಯಿಂದ ಮಾಮೂಲಿ ವ್ಯಾಪಾರ' ಎಂದರೆ ಸಾಲದು. ಸೆಕ್ಷನ್‌ನ ವಿನಾಯಿತಿಯಲ್ಲಿ ಕೊಟ್ಟವನ 'ಅಥವಾ' ಪಡೆದವನ ಮಾಮೂಲಿ ವ್ಯವಹಾರ ಎಂದಿರುವುದನ್ನು 'ಮತ್ತು' ಎಂದೇ ಓದಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜೇಪೀ ಇನ್‌ಫ್ರಾಟೆಕ್ ಪ್ರಕರಣದಲ್ಲಿ ಹೇಳಿದೆ. ಅಂದರೆ ಕೊಟ್ಟವನ ಕಡೆಯಿಂದಲೂ ಅದು ಮಾಮೂಲಿಯಾಗಿರಬೇಕು. ಹಾಗಾಗಿ ಅದೇ ತಿಂಗಳುಗಳಲ್ಲಿ ಇತರ ಸಪ್ಲೈಯರ್‌ಗಳಿಗೆ ಆದ ಪಾವತಿಗಳ ಲೆಡ್ಜರ್ ಒದಗಿಸಿ ಎಂದು ಉತ್ತರದಲ್ಲೇ ಬರೆದು ಕೇಳುತ್ತೇನೆ. ಹಣ ಬಂದ ಮೇಲೂ ಮಾಲು ಕೊಟ್ಟಿದ್ದೇವೆ ಎಂಬ ವಾದವನ್ನು ಅಮೆರಿಕದ ಕಾನೂನು ನೋಡಿದವರು ಮುಂದಿಡುತ್ತಾರೆ. ನಮ್ಮಲ್ಲಿ 'ಹೊಸ ಮೌಲ್ಯ'ದ (ಹೊಸದಾಗಿ ಕೊಟ್ಟ ಹಣ, ಮಾಲು ಇತ್ಯಾದಿ) ವಿನಾಯಿತಿ ಇರುವುದು ಅಡಮಾನದಂಥ ಭದ್ರತಾ ಹಕ್ಕುಗಳಿಗೆ, ಸಾಮಾನ್ಯ ಪಾವತಿಗಲ್ಲ. ಆದರೂ ಆ ಇನ್‌ವಾಯ್ಸ್‌ಗಳನ್ನು ಇ-ವೇ ಬಿಲ್, ಮಾಲು ಸ್ವೀಕೃತಿ ಪತ್ರಗಳ ಸಮೇತ ಲಗತ್ತಿಸುತ್ತೇನೆ: ವ್ಯಾಪಾರ ಎಂದಿನಂತೆ ನಡೆದಿತ್ತು ಎಂಬುದಕ್ಕೆ ಅವು ಪುರಾವೆ.

ಮೊರಟೋರಿಯಂ (ದಿವಾಳಿ ಪ್ರಕ್ರಿಯೆಯ ವೇಳೆ ಕಂಪನಿಯ ವಿರುದ್ಧ ವಸೂಲಿ, ಆಸ್ತಿ ವರ್ಗಾವಣೆಗಳಿಗೆ ಇರುವ ತಡೆ) ಶುರುವಾದ ಮೇಲೆ ಹಳೆಯ ಬಾಕಿಗೆ ಹಣ ಬಂದಿದ್ದರೆ ಕಥೆಯೇ ಬೇರೆ. ಅದು 14ನೇ ಸೆಕ್ಷನ್ ವಿಷಯ, ಮಾಮೂಲಿ ವ್ಯವಹಾರದ ವಾದ ಅಲ್ಲಿ ನಡೆಯದು.

ದಿವಾಳಿ ಪ್ರಕ್ರಿಯೆಯಲ್ಲಿ ಸಪ್ಲೈಯರ್‌ಗಳು ತಮ್ಮ ಬಾಕಿಗೆ ಕ್ಲೇಮ್ ಸಲ್ಲಿಸುವ ಫಾರ್ಮ್ ಬಿ ಬಗ್ಗೆ ಹಲವರು ಮರೆತೇಬಿಡುತ್ತಾರೆ. ಬಾಕಿ ಮೊತ್ತದ ಜೊತೆಗೆ 'ಇಂತಿಷ್ಟು ವಾಪಸ್ ಮಾಡುವಂತೆ ಆದೇಶವಾದರೆ ಅದೂ ನಮ್ಮ ಕ್ಲೇಮಿಗೆ ಸೇರಬೇಕು' ಎಂದು ಮೊದಲೇ ಬರೆಸುತ್ತೇನೆ. ರಾಜಿಯಾದರೂ ಅದು ಎನ್‌ಸಿಎಲ್‌ಟಿ ಆದೇಶದಲ್ಲಿ ದಾಖಲಾಗುವವರೆಗೆ ಹಣ ಕಳಿಸಬೇಡಿ. ಆದೇಶ ವಿರುದ್ಧವಾಗಿ ಬಂದರೆ ಎನ್‌ಸಿಎಲ್‌ಎಟಿಗೆ (ಎನ್‌ಸಿಎಲ್‌ಟಿಯ ಮೇಲಿನ ಮೇಲ್ಮನವಿ ನ್ಯಾಯಮಂಡಳಿ) ಮೇಲ್ಮನವಿ ಹಾಕಲು 30 ದಿನ. ಸಕಾರಣವಿದ್ದರೆ ಇನ್ನು 15, ಅದಕ್ಕಿಂತ ಹೆಚ್ಚಿಲ್ಲ.